ಹೊಲದ ಗೊಬ್ಬರ ಮತ್ತು ಕಡಲಿನ ಲೋಳೆಮೀನು



ಕಡಲನ್ನೇ ಕಾಣದ ಹಳ್ಳಿಯವರಿಗೆ ಕಡಲಿನ ಜೀವಿಯ ಪಾಠವೇಕೆ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಿಮ್ಮ ಹೊಲದ ಮೇಲೆ ಬಿದ್ದ ಮಳೆಯ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆಂಬುದನ್ನು ಸ್ವಲ್ಪ ಯೋಚಿಸಿ ನೋಡಿ. ಹೊಲದಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ಕೆರೆಯ ಕೋಡಿಯಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ. ತುಂಗಭದ್ರೆ, ಕೃಷ್ಣೆ, ಕಾವೇರಿಯರ ನೀರು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನೇತ್ರಾವತಿ, ಶರಾವತಿ, ಕಾಳಿಯರ ನೀರು ಅರಬ್ಬೀ ಸಮುದ್ರವನ್ನು ಸೇರುತ್ತದೆ. ನೀರು ಬರಿಗೈಯಲ್ಲಿ ಹೋಗುವುದಿಲ್ಲ. ಹೊಲದ ಮೇಲ್ಮಣ್ಣನ್ನೂ ನೀವು ಹಣ ಕೊಟ್ಟು ತಂದು ಹಾಕಿದ ಗೊಬ್ಬರವನ್ನೂ ಹೊತ್ತುಕೊಂಡೇ ಹೋಗುತ್ತದೆ.

ಹೀಗೆ ಹರಿದುಹೋದ ಗೊಬ್ಬರ ಒಂದು ಇಡೀ ಸಮುದ್ರವನ್ನು ಹೇಗೆ ಕೆಡಿಸಿತು, ಅಲ್ಲಿನ ಬೆಸ್ತರ ಅನ್ನಕ್ಕೆ ಹೇಗೆ ಕಲ್ಲು ಬಿತ್ತು, ಆ ಸಮುದ್ರ ಮುಂದೆ ಹೇಗೆ ಸ್ವಲ್ಪ ಸ್ವಲ್ಪವಾಗಿ ಚೇತರಿಸಿಕೊಂಡಿತು ಎಂಬುದೇ ಈ ಸಂಚಿಕೆಯ ಪಾಠ. ಸಂಗತಿ ದೂರದೇಶದ್ದಾದರೂ ಅದರ ಬೇರು ಹೊಲದಲ್ಲಿದೆ. ಆದುದರಿಂದ ಹೊಲದವರು ತಿಳಿಯಬೇಕಾದ ಸಂಗತಿ.

ಲೋಳೆಮೀನು ಎಂದರೇನು?

ಲೋಳೆಮೀನನ್ನು ಜೆಲ್ಲಿ ಮೀನು ಎಂದೂ ಕರೆಯುವರು. ಹೆಸರಿನಲ್ಲಿ ಮೀನು ಇದ್ದರೂ ಅದು ಮೀನಲ್ಲ. ಅದಕ್ಕೆ ಮುಳ್ಳಿಲ್ಲ, ಮೂಳೆಯಿಲ್ಲ, ಕಿವಿರಿಲ್ಲ, ಮೆದುಳೂ ಇಲ್ಲ. ಮೈಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರೇ. ಬಿಚ್ಚಿದ ಕೊಡೆಯಂಥ ಮೈ. ಕೆಳಗೆ ನೇತಾಡುವ ಎಳೆಗಳು. ಹಲವು ಜಾತಿಗಳ ಎಳೆಗಳಲ್ಲಿ ಕಣ್ಣಿಗೆ ಕಾಣದ ವಿಷದ ಮುಳ್ಳುಗಳಿರುತ್ತವೆ. ಕೊಡೆಯನ್ನು ಅಗಲಿಸಿ ಕುಗ್ಗಿಸಿ ನಿಧಾನವಾಗಿ ಈಜುತ್ತದೆ. ಹೆಚ್ಚಾಗಿ ನೀರಿನ ಸೆಳೆತ ಒಯ್ದತ್ತ ತೇಲುತ್ತದೆ.

ಇದರ ಬಾಳಿನ ಬಗೆ ವಿಚಿತ್ರವಾದುದು. ಬಹುಪಾಲು ಲೋಳೆಮೀನುಗಳ ಮರಿ ಮೊದಲು ಕಡಲತಳದ ಕಲ್ಲಿಗೋ ಚಿಪ್ಪಿಗೋ ಬಂದರಿನ ಕಂಬಕ್ಕೋ ಅಂಟಿಕೊಂಡು, ಒಂದು ಸಣ್ಣ ಮೊಗ್ಗಿನಂತೆ ಕುಳಿತಿರುತ್ತದೆ. ತಿಂಗಳುಗಟ್ಟಲೆ, ಕೆಲವು ಸಾರಿ ವರ್ಷಗಟ್ಟಲೆ ಹಾಗೆಯೇ ಇರಬಲ್ಲದು. ಹದ ಒದಗಿದಾಗ ಆ ಒಂದು ಮೊಗ್ಗು ಬಿಲ್ಲೆಬಿಲ್ಲೆಯಾಗಿ ಕಳಚಿ, ಒಂದೊಂದು ಬಿಲ್ಲೆಯೂ ಒಂದೊಂದು ಲೋಳೆಮೀನಾಗಿ ಬೆಳೆಯುತ್ತದೆ. ಹೊಲದಲ್ಲಿ ಜೇಕಿನ ಹುಲ್ಲನ್ನು ಮೇಲೆ ಕಿತ್ತರೂ ಗಡ್ಡೆ ನೆಲದಲ್ಲಿ ಉಳಿದು, ಮಳೆ ಬಿದ್ದೊಡನೆ ಮತ್ತೆ ಚಿಗುರುವುದನ್ನು ನೀವು ಬಲ್ಲಿರಿ. ಇದೂ ಹಾಗೆಯೇ. ನೆನ್ನೆಯವರೆಗೆ ಕಾಣದಿದ್ದ ಲೋಳೆಮೀನು ಕೆಲವೇ ವಾರಗಳಲ್ಲಿ ಲಕ್ಷಗಟ್ಟಲೆಯಾಗಿ ಕಡಲನ್ನು ತುಂಬಲು ಇದೇ ಮುಖ್ಯ ಕಾರಣ. ಹೀಗೆ ಒಮ್ಮೆಗೇ ಹೆಚ್ಚುವುದನ್ನು ಲೋಳೆಮೀನಿನ 'ಉಕ್ಕು' ಎನ್ನೋಣ.

ಕೆರೆಯಲ್ಲಿ ನೀವೇ ಕಂಡಿರುವುದು

ಸಮುದ್ರದಲ್ಲಿ ನಡೆದುದನ್ನು ತಿಳಿಯಬೇಕಾದರೆ ಮೊದಲು ಊರಿನ ಕೆರೆಯನ್ನು ನೋಡಿ. ಸಗಣಿ, ಬಚ್ಚಲ ನೀರು, ಗದ್ದೆಯ ಗೊಬ್ಬರ ಬಂದು ಸೇರಿದ ಕೆರೆಯಲ್ಲಿ ಬೇಸಗೆಯ ಹೊತ್ತಿಗೆ ನೀರು ಹಸುರುಗಟ್ಟುತ್ತದೆ. ಇದು ಪಾಚಿ. ಪೈರಿಗೆ ಯಾವ ಸಾರಜನಕ ಮತ್ತು ರಂಜಕ ಬೇಕೋ ಪಾಚಿಗೂ ಅವೇ ಬೇಕು. ನೀವು ಪೈರಿಗೆ ಕೊಟ್ಟುದನ್ನು ಪಾಚಿ ತಿಂದು ಕೊಬ್ಬಿತು, ಅಷ್ಟೆ.

ಪಾಚಿ ಹೆಚ್ಚಿದರೆ ಸತ್ತ ಪಾಚಿಯೂ ಹೆಚ್ಚು. ಅದು ತಳಕ್ಕಿಳಿದು ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನು ಹೀರಿಬಿಡುತ್ತದೆ. ಮೀನು ಉಸಿರಾಡುವುದು ಆ ಪ್ರಾಣವಾಯುವಿನಿಂದಲೇ. ಆದುದರಿಂದ ಇಂಥ ಕೆರೆಯಲ್ಲಿ ಕೆಲವು ದಿನ ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ಹೊತ್ತು ಏರುವುದರೊಳಗೆ ಹೊಟ್ಟೆ ಮೇಲಾಗಿ ತೇಲುತ್ತವೆ. ಯಾರೋ ವಿಷ ಹಾಕಿದರೆಂದು ಊರಿನಲ್ಲಿ ಜಗಳವೂ ಆಗುತ್ತದೆ. ಎಷ್ಟೋ ಸಾರಿ ಅಲ್ಲಿ ವಿಷವಿರುವುದಿಲ್ಲ, ಉಸಿರಿರುವುದಿಲ್ಲ.

ಈ ಕೆರೆಯ ಕಥೆಯನ್ನು ಒಂದು ಸಮುದ್ರದಷ್ಟು ದೊಡ್ಡದು ಮಾಡಿ ನೋಡಿ. ಅದೇ ಕಪ್ಪು ಸಮುದ್ರದ ಕಥೆ.

ಕಪ್ಪು ಸಮುದ್ರಕ್ಕೆ ಬಂದ ಕೇಡು

ಕಪ್ಪು ಸಮುದ್ರ ಯೂರೋಪು ಮತ್ತು ಏಷ್ಯಾ ಖಂಡಗಳ ನಡುವೆ ಇದೆ. ಸುತ್ತಲೂ ತುರ್ಕಿ, ಬಲ್ಗೇರಿಯ, ರುಮೇನಿಯ, ಉಕ್ರೇನ್, ರಷ್ಯ, ಜಾರ್ಜಿಯ ದೇಶಗಳು. ಹೊರಗಿನ ಸಮುದ್ರಕ್ಕೆ ಅದಕ್ಕಿರುವುದು ಒಂದೇ ಕಿರಿದಾದ ಬಾಗಿಲು. ಎರಡು ಸಾವಿರ ಮೀಟರಿಗೂ ಹೆಚ್ಚು ಆಳವಿದ್ದರೂ, ಮೇಲಿನ ನೂರೈವತ್ತು ಇನ್ನೂರು ಮೀಟರು ಬಿಟ್ಟರೆ ಕೆಳಗೆ ಪ್ರಾಣವಾಯುವೇ ಇಲ್ಲ. ಇದು ಅದರ ಹುಟ್ಟುಗುಣ. ಮೀನೆಲ್ಲ ಮೇಲಿನ ಪದರದಲ್ಲಿ, ಅದರಲ್ಲೂ ವಾಯವ್ಯ ದಿಕ್ಕಿನ ಆಳವಿಲ್ಲದ ಭಾಗದಲ್ಲಿ, ಬಾಳಬೇಕು.

ಆ ವಾಯವ್ಯ ಮೂಲೆಗೇ ಡ್ಯಾನ್ಯೂಬ್ ನದಿ ಬಂದು ಬೀಳುತ್ತದೆ. ಜರ್ಮನಿಯಲ್ಲಿ ಹುಟ್ಟಿ ಸುಮಾರು 2,850 ಕಿಲೋಮೀಟರು ಹರಿದು, ಹತ್ತು ದೇಶಗಳನ್ನು ಮುಟ್ಟಿ ಬರುವ ನದಿ ಅದು. 1960ರ ನಂತರ ಆ ದೇಶಗಳಲ್ಲಿ ರಾಸಾಯನಿಕ ಗೊಬ್ಬರದ ಬಳಕೆ ಬಹಳ ಹೆಚ್ಚಿತು. ದೊಡ್ಡ ದೊಡ್ಡ ದನ ಹಂದಿಗಳ ಸಾಕಣೆ ಕೇಂದ್ರಗಳು ಎದ್ದವು. ಪಟ್ಟಣಗಳ ಕೊಳಚೆಯೂ ಸೋಪಿನ ಪುಡಿಯ ರಂಜಕವೂ ಸೇರಿದವು. ಬೆಳೆ ಹೆಚ್ಚಿದುದು ನಿಜ. ಆದರೆ ಬೆಳೆ ತಿನ್ನಲಾರದೆ ಬಿಟ್ಟುದೆಲ್ಲ ನದಿಗೆ ಹೋಯಿತು.

ಮೊದಲು ಕಡಲ ನೀರು ಹಸುರಾಯಿತು. ನೀರು ಕದಡಿದುದರಿಂದ ತಳಕ್ಕೆ ಬಿಸಿಲು ಇಳಿಯಲಿಲ್ಲ. ಅಲ್ಲಿ ಕಡಲತಳದಲ್ಲಿ ಒಂದು ಜಾತಿಯ ಕೆಂಪು ಪಾಚಿಯ ದೊಡ್ಡ ಹುಲ್ಲುಗಾವಲೇ ಇತ್ತು. ಮೀನಿನ ಮರಿಗಳಿಗೆ ಅದೇ ತೊಟ್ಟಿಲು. 1950ರ ಸುಮಾರಿನಲ್ಲಿ ಹತ್ತು ಸಾವಿರ ಚದರ ಕಿಲೋಮೀಟರು ಇದ್ದ ಈ ಗಾವಲು 1990ರ ಹೊತ್ತಿಗೆ ಐನೂರು ಚದರ ಕಿಲೋಮೀಟರಿಗೆ ಇಳಿಯಿತು. 1973ರಿಂದ ಬೇಸಗೆ ಬೇಸಗೆಗೂ ತಳದ ನೀರಿನಲ್ಲಿ ಉಸಿರು ಕಟ್ಟತೊಡಗಿತು. 1973ರಿಂದ 1990ರವರೆಗೆ ಹೀಗೆ ಸತ್ತ ತಳದ ಜೀವಿಗಳು ಸುಮಾರು 6 ಕೋಟಿ ಟನ್ ಎಂದೂ, ಅದರಲ್ಲಿ ಮೀನೇ 50 ಲಕ್ಷ ಟನ್ ಎಂದೂ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಇದೇ ಕಾಲದಲ್ಲಿ ಬೆಸ್ತರೂ ದೊಡ್ಡ ಮೀನುಗಳನ್ನು ಮಿತಿಮೀರಿ ಹಿಡಿದರು, ಡಾಲ್ಫಿನ್‌ಗಳನ್ನೂ ಕೊಂದರು. ದೊಡ್ಡ ಮೀನು ಕಡಮೆಯಾದ ಮೇಲೆ ಸಣ್ಣ ಮೀನಿಗೆ ಕೈ ಹಾಕಿದರು. ನೀರಿನಲ್ಲಿ ತೇಲುವ ಹುಳುಗಳನ್ನು ತಿನ್ನುವ ಸಣ್ಣ ಮೀನು ಕಡಮೆಯಾದಷ್ಟೂ ಆ ಮೇವು ಮಿಕ್ಕಿತು. ಮಿಕ್ಕ ಮೇವಿಗೆ ಬಾಯಿ ಹಾಕಿದುದು ಲೋಳೆಮೀನು. ಉಸಿರು ಕಡಮೆಯಿರುವ ನೀರಿನಲ್ಲಿ ಮೀನು ಬಾಳಲಾರದು, ಲೋಳೆಮೀನು ಬಾಳಬಲ್ಲದು. ಹೊಲವನ್ನು ಉತ್ತು, ಗೊಬ್ಬರ ಹಾಕಿ, ಪೈರನ್ನು ಕಿತ್ತು ಬಿಟ್ಟರೆ ಅಲ್ಲಿ ಏನು ಬೆಳೆಯುತ್ತದೆ? ಕಳೆಯೇ ತಾನೆ?

ಹಡಗಿನ ಹೊಟ್ಟೆಯಲ್ಲಿ ಬಂದ ಕಳೆ

ಹೀಗೆ ಹದವಾದ ಕಡಲಿಗೆ ಹೊರಗಿನ ಒಂದು ಜೀವಿ ಬಂದಿತು. ಸರಕಿಲ್ಲದೆ ಹೊರಡುವ ಹಡಗು ನೀರಿನಲ್ಲಿ ಓಲಾಡದಿರಲೆಂದು ಅದರ ತೊಟ್ಟಿಗಳಿಗೆ ಸಮುದ್ರದ ನೀರನ್ನು ತುಂಬುತ್ತಾರೆ. ಮುಟ್ಟಿದ ರೇವಿನಲ್ಲಿ ಸರಕು ಹೇರುವಾಗ ಆ ನೀರನ್ನು ಹೊರಕ್ಕೆ ಚೆಲ್ಲುತ್ತಾರೆ. ಅಮೆರಿಕದ ಅಟ್ಲಾಂಟಿಕ್ ತೀರದ ನೀರಿನೊಡನೆ ಅಲ್ಲಿನ ಒಂದು ಲೋಳೆಜೀವಿ ಹೀಗೆ ಕಪ್ಪು ಸಮುದ್ರಕ್ಕೆ ಬಂದು ಸೇರಿತು. ವಿಜ್ಞಾನಿಗಳು ಇದನ್ನು ನೆಮಿಯಾಪ್ಸಿಸ್ ಎನ್ನುವರು. ಮೈಮೇಲೆ ಬಾಚಣಿಗೆಯ ಹಲ್ಲುಗಳಂತೆ ಎಂಟು ಸಾಲು ಸಣ್ಣ ಕೂದಲುಗಳಿರುವುದರಿಂದ ನಾವು ಇದನ್ನು 'ಬಾಚಣಿಗೆ ಲೋಳೆ' ಎನ್ನಬಹುದು. ಇದು ನಿಜವಾದ ಲೋಳೆಮೀನಿನ ಕುಲದ್ದಲ್ಲ, ದೂರದ ದಾಯಾದಿ. ಇದು ಚುಚ್ಚುವುದಿಲ್ಲ. ಗೇಣಿಗಿಂತ ಚಿಕ್ಕದು. ಆದರೆ ಮಾಡಿದ ಹಾನಿ ಮಾತ್ರ ಚಿಕ್ಕದಲ್ಲ.

ಇದರಲ್ಲಿ ಗಂಡು ಹೆಣ್ಣು ಬೇರೆಯಿಲ್ಲ. ಒಂದೇ ಮೈಯಲ್ಲಿ ಎರಡೂ ಉಂಟು. ಹುಟ್ಟಿದ ಎರಡು ವಾರಗಳಲ್ಲಿಯೇ ಮೊಟ್ಟೆಯಿಡುವ ಪ್ರಾಯಕ್ಕೆ ಬರುತ್ತದೆ, ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಮೀನಿನ ಮೊಟ್ಟೆ, ಮೀನಿನ ಮರಿ, ಮೀನು ತಿನ್ನಬೇಕಾದ ತೇಲುಹುಳು, ಮೂರನ್ನೂ ತಿನ್ನುತ್ತದೆ. 1982ರಲ್ಲಿ ಕಪ್ಪು ಸಮುದ್ರದಲ್ಲಿ ಇದನ್ನು ಮೊದಲು ಗುರುತಿಸಿದರು. 1989ರ ಹೊತ್ತಿಗೆ ಅಲ್ಲಿ ಇದರ ಒಟ್ಟು ತೂಕ ಸುಮಾರು 100 ಕೋಟಿ ಟನ್ ಇದ್ದಿರಬಹುದೆಂದು ಅಂದಾಜು. ಪ್ರಪಂಚದ ಎಲ್ಲ ಕಡಲುಗಳಲ್ಲಿ ಒಂದು ವರ್ಷಕ್ಕೆ ಹಿಡಿಯುವ ಮೀನೆಲ್ಲವನ್ನೂ ಕೂಡಿಸಿದರೂ ಇದರ ಹತ್ತನೆಯ ಒಂದು ಪಾಲಿನಷ್ಟೇ ಆದೀತು.

ಬೆಸ್ತರ ಮನೆಯ ಒಲೆ

ಕಪ್ಪು ಸಮುದ್ರದ ಬೆಸ್ತರ ಮುಖ್ಯ ಬೆಳೆ ಆಂಚೋವಿ ಎಂಬ ಸಣ್ಣ ಮೀನು. ತುರ್ಕಿಯವರು ಅದನ್ನು ಹಂಸಿ ಎನ್ನುವರು. ನಮ್ಮ ಕರಾವಳಿಯವರಿಗೆ ಬೂತಾಯಿ ಹೇಗೋ ಅವರಿಗೆ ಹಂಸಿ ಹಾಗೆ. ಬಡವರ ಊಟ, ಬೆಸ್ತರ ಆದಾಯ ಎರಡೂ ಅದೇ. ತುರ್ಕಿಯ ಬೆಸ್ತರು 1988ರಲ್ಲಿ ಕಪ್ಪು ಸಮುದ್ರದಿಂದ ಸುಮಾರು 3 ಲಕ್ಷ ಟನ್ ಹಂಸಿ ಹಿಡಿದಿದ್ದರು. ಎರಡೇ ವರ್ಷಗಳಲ್ಲಿ, 1990ಕ್ಕೆ, ಅದು 1 ಲಕ್ಷ ಟನ್ನಿಗೂ ಕೆಳಗೆ ಇಳಿಯಿತು. ಮಿತಿಮೀರಿದ ಮೀನುಗಾರಿಕೆಯೂ ಇದಕ್ಕೆ ಕಾರಣ, ಲೋಳೆಯೂ ಕಾರಣ. ಸಾಲ ಮಾಡಿ ಕೊಂಡ ದೋಣಿಗಳು ದಡ ಸೇರಿದವು. ಸಾಲಕ್ಕೆ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಮಳೆ ಕೈಕೊಟ್ಟ ವರ್ಷ ರೈತನ ಮನೆಯಲ್ಲಿ ಏನಾಗುತ್ತದೆಂಬುದನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಬೆಸ್ತರು ಯಾವ ಹೊಲಕ್ಕೂ ಗೊಬ್ಬರ ಹಾಕಿದವರಲ್ಲ. ನೂರಾರು ಗಾವುದ ಮೇಲಿನ ಹೊಲದವರು ಹರಿಯಬಿಟ್ಟುದರ ಫಲವನ್ನು ಅವರೂ ಉಣ್ಣಬೇಕಾಯಿತು.

ಆ ಲೋಳೆ ಅಲ್ಲಿಗೇ ನಿಲ್ಲಲಿಲ್ಲ. ಕಾಲುವೆಯ ಮೂಲಕ ಹೋಗುವ ಹಡಗುಗಳೊಡನೆ ಕ್ಯಾಸ್ಪಿಯನ್ ಸಮುದ್ರಕ್ಕೂ ಸೇರಿತು. ಅಲ್ಲಿ ಅದು 1999ರಲ್ಲಿ ಕಂಡುಬಂದಿತು. ಕೆಲವೇ ವರ್ಷಗಳಲ್ಲಿ ಇರಾನಿನ ಬೆಸ್ತರು ಹಿಡಿಯುತ್ತಿದ್ದ ಕಿಲ್ಕಾ ಎಂಬ ಸಣ್ಣ ಮೀನು ಅರ್ಧಕ್ಕಿಂತಲೂ ಕೆಳಗೆ ಇಳಿಯಿತು.

ಕಡಲು ಚೇತರಿಸಿಕೊಂಡ ಬಗೆ

ಮುಂದೆ ಎರಡು ಸಂಗತಿಗಳು ನಡೆದವು. ಒಂದನೆಯದು: 1989–91ರಲ್ಲಿ ಪೂರ್ವ ಯೂರೋಪಿನ ಸರ್ಕಾರಗಳು ಉರುಳಿದವು. ಗೊಬ್ಬರಕ್ಕೆ ಸಿಗುತ್ತಿದ್ದ ಸಹಾಯಧನ ನಿಂತಿತು. ರೈತರು ಗೊಬ್ಬರ ಕೊಳ್ಳಲಾರದೆ ಹೋದರು. ಸಾಕಣೆ ಕೇಂದ್ರಗಳು ಮುಚ್ಚಿದವು. ನದಿಗೆ ಹರಿಯುವ ಸಾರಜನಕ, ರಂಜಕಗಳು ಕಡಮೆಯಾದವು. ಹತ್ತು ವರ್ಷಗಳೊಳಗೆ ತಳದ ನೀರಿಗೆ ಉಸಿರು ಮರಳತೊಡಗಿತು. ಎರಡನೆಯದು: 1997ರಲ್ಲಿ ಬೆರೋಯೆ ಎಂಬ ಇನ್ನೊಂದು ಲೋಳೆಜೀವಿ ಅಲ್ಲಿ ಕಾಣಿಸಿಕೊಂಡಿತು. ಅದರ ಆಹಾರವೇ ಬಾಚಣಿಗೆ ಲೋಳೆ. ಬೆರೋಯೆ ಹೆಚ್ಚಿದಂತೆ ಬಾಚಣಿಗೆ ಲೋಳೆ ತಗ್ಗಿತು. ಹಂಸಿ ಮತ್ತೆ ಬಲೆಗೆ ಬಿತ್ತು.

ನಮ್ಮ ನಾಡಿನ ಹಿರಿಯರಿಗೆ ಇಂಥದೊಂದು ಸಂಗತಿ ಗೊತ್ತಿತ್ತು. ಹೊರದೇಶದಿಂದ ಬಂದ ಪಾಪಾಸುಕಳ್ಳಿ ದಕ್ಷಿಣ ಭಾರತದ ಬಯಲನ್ನೆಲ್ಲ ಆಕ್ರಮಿಸಿದಾಗ, 1926ರಲ್ಲಿ ಸಿಂಹಳದಿಂದ ಹಿಟ್ಟು ತಿಗಣೆಯ ಬಳಗದ ಒಂದು ಹುಳುವನ್ನು ತಂದು ಬಿಟ್ಟರು. ಅದು ಕಳ್ಳಿಯ ರಸ ಹೀರಿ ಅದನ್ನು ಅಡಗಿಸಿತು. ವೈರಿಯಿಲ್ಲದ ಕಡೆ ಕಳೆ ಮೆರೆಯುತ್ತದೆ; ವೈರಿ ಬಂದರೆ ತಗ್ಗುತ್ತದೆ. ಆದರೆ ಆ ಹುಳುವನ್ನು ಪರೀಕ್ಷಿಸಿ ತಂದರು. ಬೆರೋಯೆ ತಾನಾಗಿ ಬಂದುದು. ಇಂಥ ಅದೃಷ್ಟ ಪ್ರತಿ ಕಡಲಿಗೂ ಒದಗುವುದಿಲ್ಲ.

ಮೊದಲನೆಯ ಸಂಗತಿಯನ್ನೂ ಸರಿಯಾಗಿ ತಿಳಿಯಬೇಕು. ರೈತ ಬಡವನಾದುದರಿಂದ ಕಡಲು ಬದುಕಿತು ಎಂಬುದು ಯಾರೂ ಮೆಚ್ಚುವ ದಾರಿಯಲ್ಲ. ಗೊಬ್ಬರವಿಲ್ಲದೆ ಬೆಳೆ ತೆಗೆಯಿರಿ ಎಂದು ಈ ಪಾಠ ಹೇಳುವುದೂ ಇಲ್ಲ. ಹಾಕಿದುದು ಹೊಲದಲ್ಲೇ ನಿಲ್ಲಬೇಕು, ಪೈರಿನ ಬಾಯಿಗೇ ಹೋಗಬೇಕು ಎಂಬುದಷ್ಟೇ ಪಾಠ. ಅದರಲ್ಲಿ ರೈತನ ಲಾಭವೂ ಇದೆ, ಬೆಸ್ತನ ಲಾಭವೂ ಇದೆ. ಡ್ಯಾನ್ಯೂಬ್ ಕಣಿವೆಯ ದೇಶಗಳು 1994ರಲ್ಲಿ ಒಪ್ಪಂದ ಮಾಡಿಕೊಂಡು ನದಿಯನ್ನು ಒಟ್ಟಾಗಿ ಕಾಯಲು ಮುಂದಾದವು. ಹಡಗುಗಳ ತೊಟ್ಟಿನೀರನ್ನು ಶುದ್ಧಿಮಾಡಿಯೇ ಚೆಲ್ಲಬೇಕೆಂಬ ಅಂತರರಾಷ್ಟ್ರೀಯ ಕರಾರು 2004ರಲ್ಲಿ ಆಗಿ, 2017ರಿಂದ ಜಾರಿಯಲ್ಲಿದೆ.

ಇತರ ಕಡಲುಗಳಲ್ಲಿ

ಆಫ್ರಿಕದ ನಮೀಬಿಯ ದೇಶದ ತೀರದಲ್ಲಿ 1960ರ ದಶಕದ ಕೊನೆಯಲ್ಲಿ ಮೀನನ್ನು ಮಿತಿಮೀರಿ ಹಿಡಿದುದರಿಂದ ಬೂತಾಯಿಯ ಜಾತಿಯ ಮೀನು ಬರಿದಾಯಿತು. 2006ರಲ್ಲಿ ಪ್ರಕಟವಾದ ಒಂದು ಅಳತೆಯಂತೆ ಅಲ್ಲಿ ಲೋಳೆಮೀನು 1 ಕೋಟಿ 22 ಲಕ್ಷ ಟನ್, ಮೀನು 36 ಲಕ್ಷ ಟನ್ ಮಾತ್ರ. ಜಪಾನಿನ ಕಡಲಿಗೆ ಬರುವ ಒಂದು ಜಾತಿಯ ಲೋಳೆಮೀನು ಎರಡು ಮೀಟರು ಅಗಲ, ಇನ್ನೂರು ಕಿಲೋ ತೂಕದವರೆಗೆ ಬೆಳೆಯುತ್ತದೆ. 2009ರಲ್ಲಿ ಇವು ತುಂಬಿದ ಬಲೆಯನ್ನು ಎಳೆಯಲು ಹೋಗಿ ಹತ್ತು ಟನ್ನಿನ ಒಂದು ದೋಣಿಯೇ ಮಗುಚಿತು. ಅದರಲ್ಲಿದ್ದ ಮೂವರನ್ನು ಬದುಕಿಸಿದರು. 2013ರಲ್ಲಿ ಸ್ವೀಡನ್ ದೇಶದ ಆಸ್ಕರ್ಸ್‌ಹಾಮ್ನ್ ಅಣುವಿದ್ಯುತ್ ಸ್ಥಾವರದ ನೀರಿನ ಕೊಳವೆಗಳಿಗೆ ಲೋಳೆಮೀನು ನುಗ್ಗಿ, ಒಂದು ಯಂತ್ರವನ್ನು ನಿಲ್ಲಿಸಬೇಕಾಯಿತು.

ಆದರೆ ಲೋಳೆಮೀನು ಹುಟ್ಟಾ ಶತ್ರುವೆಂದು ತಿಳಿಯಬಾರದು. ಐವತ್ತು ಕೋಟಿ ವರ್ಷಗಳಿಂದ ಅದು ಕಡಲಿನಲ್ಲಿದೆ. ಕಡಲಾಮೆಗಳು ಅದನ್ನು ತಿನ್ನುತ್ತವೆ. ಕೆಲವು ಮೀನಿನ ಮರಿಗಳು ಅದರ ಎಳೆಗಳ ನಡುವೆ ಆಶ್ರಯ ಪಡೆಯುತ್ತವೆ. ಚೀನ, ಜಪಾನ್ ದೇಶಗಳಲ್ಲಿ ಜನರೂ ತಿನ್ನುತ್ತಾರೆ. ಅದು ಕೆಲವು ವರ್ಷ ಹೆಚ್ಚುವುದು, ಕೆಲವು ವರ್ಷ ತಗ್ಗುವುದು ಪ್ರಕೃತಿಯ ಕ್ರಮವೇ. ಪ್ರತಿ ಉಕ್ಕಿಗೂ ಮನುಷ್ಯನೇ ಕಾರಣನಲ್ಲ. ಮೀನು ಬರಿದಾಗಿ, ನೀರು ಕೊಬ್ಬಿ, ಉಸಿರು ಕಟ್ಟಿದ ಕಡಲಿನಲ್ಲಿ ಮಾತ್ರ ಅದರ ಉಕ್ಕು ಕೇಡಾಗಿ ನಿಲ್ಲುತ್ತದೆ.

ಯಾತ್ರೆಗೋ ಮದುವೆಗೋ ಕರಾವಳಿಗೆ ಹೋದವರಿಗೆ ಒಂದು ಮಾತು: ದಡದಲ್ಲಿ ಬಿದ್ದ ಲೋಳೆಮೀನನ್ನು, ಸತ್ತಿದ್ದರೂ, ಬರಿಗೈಯಿಂದ ಮುಟ್ಟಬೇಡಿ. ಚುಚ್ಚಿದರೆ ಮರಳಿನಿಂದ ತಿಕ್ಕಬೇಡಿ. ಕಡಲ ನೀರಿನಲ್ಲೇ ತೊಳೆಯಿರಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ನಾವು ಮಾಡಬಹುದಾದುದು

ಒಂದು ಲೆಕ್ಕ ಹಾಕಿ. 45 ಕಿಲೋ ತೂಕದ ಒಂದು ಚೀಲ ಯೂರಿಯದಲ್ಲಿ ಸುಮಾರು 20 ಕಿಲೋ ಸಾರಜನಕವಿದೆ. ಹಾಕಿದ ದಿನವೇ ಜೋರು ಮಳೆ ಬಂದು ಕಾಲುಭಾಗ ಕೊಚ್ಚಿಹೋಯಿತೆನ್ನಿ. 5 ಕಿಲೋ ಹಳ್ಳದ ಪಾಲಾಯಿತು. ನಾಲ್ಕು ಚೀಲ ಹಾಕಿದವರು ಒಂದು ಚೀಲವನ್ನು ಬಿಚ್ಚಿ ಹಳ್ಳಕ್ಕೆ ಸುರಿದಂತಾಯಿತು. ಆದುದರಿಂದ:

1. ಮಣ್ಣಿನ ಪರೀಕ್ಷೆ ಮಾಡಿಸಿ. ಮಣ್ಣಿನಲ್ಲಿ ಇರುವುದನ್ನೇ ಮತ್ತೆ ಹಾಕುವುದು ಹಣದ ನಷ್ಟ. ರೈತ ಸಂಪರ್ಕ ಕೇಂದ್ರದಲ್ಲಿ ಇದರ ವಿವರ ದೊರೆಯುತ್ತದೆ.

2. ಯೂರಿಯವನ್ನು ಒಮ್ಮೆಗೇ ಸುರಿಯದೆ, ಪೈರಿನ ವಯಸ್ಸು ನೋಡಿ ಎರಡು ಮೂರು ಕಂತುಗಳಲ್ಲಿ ಕೊಡಿ. ಮೋಡ ಕವಿದ ದಿನ ಮೇಲುಗೊಬ್ಬರ ಎರಚಬೇಡಿ.

3. ಗದ್ದೆಗೆ ಗೊಬ್ಬರ ಹಾಕಿದ ಮೇಲೆ ಕೆಲವು ದಿನ ನೀರನ್ನು ಹೊರಕ್ಕೆ ಬಿಡಬೇಡಿ. ಬದುವಿನ ಏಡಿ ತೂತುಗಳನ್ನು ಮೊದಲೇ ಮುಚ್ಚಿ.

4. ಇಳಿಜಾರಿಗೆ ಅಡ್ಡಲಾಗಿ ಉಳಿ. ಅಡ್ಡ ಬದು ಹಾಕಿ. ಬದುವಿನ ಮೇಲೆ ಹುಲ್ಲು ಬೆಳಸಿ. ರಂಜಕ ಹೆಚ್ಚಾಗಿ ಮಣ್ಣಿನ ಕಣಕ್ಕೆ ಅಂಟಿಕೊಂಡೇ ಹೋಗುವುದರಿಂದ ಮಣ್ಣು ನಿಂತರೆ ರಂಜಕವೂ ನಿಂತಿತು. ಹುಲ್ಲು ದನಕ್ಕೆ ಮೇವೂ ಆಯಿತು.

5. ತಿಪ್ಪೆಯನ್ನು ಹಳ್ಳದ ಅಂಚಿನಲ್ಲಿ ಹಾಕಬೇಡಿ. ಗುಂಡಿ ತೋಡಿ, ಮಳೆನೀರು ನುಗ್ಗದಂತೆ ಸುತ್ತ ಏರಿ ಕಟ್ಟಿ. ತೊಳೆದುಹೋದ ಸಗಣಿ ಕೆರೆಗೆ ಕೇಡು, ಹೊಲಕ್ಕೆ ನಷ್ಟ.

6. ಕೆರೆಯ ಗೋಡನ್ನು ಬೇಸಗೆಯಲ್ಲಿ ತೆಗೆದು ಹೊಲಕ್ಕೆ ಹೊಡೆಯಿರಿ. ಹೊಲದಿಂದ ಹೋದುದನ್ನು ಹೊಲಕ್ಕೆ ಮರಳಿ ತರುವ ನಮ್ಮ ಹಿರಿಯರ ಈ ಪದ್ಧತಿಗಿಂತ ಒಳ್ಳೆಯ ಉಪಾಯ ಇನ್ನೂ ಹುಟ್ಟಿಲ್ಲ.

ಒಬ್ಬ ರೈತನ ಒಂದು ಬದುವಿನಿಂದ ಕಡಲಿಗೆ ಏನಾದೀತು ಎನ್ನಬೇಡಿ. ಕಪ್ಪು ಸಮುದ್ರವನ್ನು ಯಾವ ಒಬ್ಬ ರೈತನೂ ಕೆಡಿಸಲಿಲ್ಲ. ಲಕ್ಷಾಂತರ ಹೊಲಗಳಿಂದ ಹಿಡಿಹಿಡಿಯಾಗಿ ಹೋದುದೇ ಕೆಡಿಸಿತು. ಹಾಗೆಯೇ ಹಿಡಿಹಿಡಿಯಾಗಿ ತಡೆದರೆ ಉಳಿಯುವುದೂ ಸಾಧ್ಯ. ಕಡಲು ದೂರವಿದ್ದರೂ ನಿಮ್ಮ ಊರ ಕೆರೆ ಹತ್ತಿರವೇ ಇದೆ. ಮೊದಲು ಅದನ್ನು ಕಾಯಿರಿ. ಕೆರೆಯ ನೀರು ತಿಳಿಯಾದರೆ ಕೋಡಿ ಬಿದ್ದು ಹೋಗುವ ನೀರೂ ತಿಳಿಯಾಗಿಯೇ ಹೋಗುತ್ತದೆ.

ಓದಿದ ಮೇಲೆ ಒಟ್ಟಿಗೆ ಕುಳಿತು ಚರ್ಚಿಸಿರಿ

1. ನಮ್ಮ ಊರಿನ ಮಳೆನೀರು ಯಾವ ಹಳ್ಳ, ಯಾವ ಹೊಳೆಯ ಮೂಲಕ ಯಾವ ಕಡಲನ್ನು ಸೇರುತ್ತದೆ?

2. ನಮ್ಮ ಕೆರೆಯ ನೀರು ಯಾವ ತಿಂಗಳಲ್ಲಿ ಹಸುರಾಗುತ್ತದೆ? ಅದಕ್ಕೆ ಗೊಬ್ಬರ, ಸಗಣಿ, ಬಚ್ಚಲ ನೀರು ಯಾವ ದಾರಿಯಿಂದ ಬರುತ್ತಿವೆ?

3. ಕಳೆದ ಮುಂಗಾರಿನಲ್ಲಿ ಯಾರ ಯಾರ ಹೊಲದ ಬದು ಒಡೆಯಿತು? ಈ ಬೇಸಗೆಯಲ್ಲಿ ಒಟ್ಟಾಗಿ ಅವನ್ನು ಕಟ್ಟಲು ಯಾವ ದಿನ ಗೊತ್ತುಮಾಡೋಣ?